ಮೊದಲು ನೆರೆಕೂಟ, ಆಮೇಲೆ ಮನೆ

ಜೋರು ಮಳೆ ಬಂದರೆ ನಿಮ್ಮ ಏರಿಯಾದಲ್ಲಿ ಮೊದಲು ನೀರು ನುಗ್ಗುವುದು ಎಲ್ಲಿಗೆ? ಮೋರಿ ಪಕ್ಕದ ಶೀಟಿನ ಮನೆಗಳಿಗೆ ತಾನೇ? ಕೊಚ್ಚಿಯಲ್ಲಿ ಪೇರಂಡೂರ್ ಕಾಲುವೆ ದಡದ ಪಿ ಅಂಡ್ ಟಿ ಕಾಲೊನಿಯವರ ಪಾಡೂ ಅದೇ ಆಗಿತ್ತು. ಅವರ ಕಥೆಗೆ ಆಮೇಲೆ ಬರೋಣ. ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1993ರಲ್ಲಿ ಆಲಪ್ಪುಳ ಪಟ್ಟಣದಲ್ಲಿ ಬಡ ಮನೆಗಳ ಹೆಂಗಸರನ್ನು ಸೇರಿಸಿ ನೆರೆಕೂಟಗಳನ್ನು ಕಟ್ಟಿದರು. ಮಲಯಾಳದಲ್ಲಿ ಅಯಲ್‌ಕೂಟ್ಟಂ ಅನ್ನುತ್ತಾರೆ. ಬಡವರು ಯಾರು ಎಂದು ತಿಳಿಯಲು ಆದಾಯದ ಸರ್ಟಿಫಿಕೇಟು ಕೇಳಲಿಲ್ಲ, ಒಂಬತ್ತು ವಿಷಯ ನೋಡಿದರು. ಮನೆ ಗಟ್ಟಿಯಿದೆಯೇ? ಕುಡಿಯುವ ನೀರಿದೆಯೇ? ಕಕ್ಕಸು ಇದೆಯೇ? ದುಡಿಯುವವರು ಒಬ್ಬರೇ ಏನು? ಎರಡು ಹೊತ್ತು ಊಟ ಉಂಟೋ? ಕುಡಿತದ ಚಟದವರು ಇದ್ದಾರೋ? ಹೀಗೆ ನಾಲ್ಕು ಕೊರತೆ ಕಂಡರೆ ಆ ಮನೆ ಪಟ್ಟಿಗೆ. ತಹಸೀಲ್ದಾರರ ಕಚೇರಿಗೆ ಅಲೆದವರಿಗೆ ಇದರ ಬೆಲೆ ಗೊತ್ತು! ಪಕ್ಕದ ಮನೆಯಾಕೆಯ ಮುಂದೆ ಸುಳ್ಳು ನಡೆಯುವುದಿಲ್ಲವಲ್ಲ.

1998ರಲ್ಲಿ ಇದೇ ಮಾದರಿ ಕುಟುಂಬಶ್ರೀ ಎಂಬ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಕೇರಿಯಲ್ಲಿ ನೆರೆಕೂಟ, ವಾರ್ಡಿಗೊಂದು ಒಕ್ಕೂಟ, ಊರಿಗೊಂದು ಸೊಸೈಟಿ. 2005ರ ಕೊನೆಗೆ ಕೇಂದ್ರದ ನಗರ ನವೀಕರಣ ಯೋಜನೆ ಶುರುವಾದಾಗ ಕೇರಳದಿಂದ ಆಯ್ಕೆಯಾದ ನಗರಗಳು ಎರಡೇ: ಕೊಚ್ಚಿ ಮತ್ತು ತಿರುವನಂತಪುರ. ಬಡವರ ಮನೆ ಕಟ್ಟಿಸುವ ಹೊಣೆ ಕುಟುಂಬಶ್ರೀಯ ಹೆಗಲಿಗೇ ಬಿತ್ತು.

ತಿರುವನಂತಪುರದ ಅಟ್ಟಕುಳಂಗರ ಹತ್ತಿರ ಕರಿಮಠಂ ಎಂಬ ಕೇರಿಯಿದೆ. ಸಂತೆ, ಬಸ್‌ಸ್ಟ್ಯಾಂಡು ಎಲ್ಲ ಪಕ್ಕದಲ್ಲೇ. ಇಂಥ ಜಾಗದಿಂದ ಬಡವರನ್ನು ಎಬ್ಬಿಸಿ ಊರಾಚೆ ಹಾಕುವುದು ನಾವೆಲ್ಲ ಕಂಡದ್ದೇ. ಅಲ್ಲಿ ಹಾಗಾಗಲಿಲ್ಲ. ಲಾರಿ ಬೇಕರ್ ಜೊತೆಗೂಡಿ 1985ರಲ್ಲಿ ಹುಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಅದೇ ನೆಲದಲ್ಲಿ, ಕೆಲವೇ ಮಹಡಿಯ ಇಟ್ಟಿಗೆ ಕಟ್ಟಡಗಳನ್ನು ಹಂತಹಂತವಾಗಿ ಎಬ್ಬಿಸಿತು. ಮನೆ ಚಿಕ್ಕದು, ನಿಜ. ಆದರೆ ಕೂಲಿಯ ದಾರಿ ದೂರವಾಗಲಿಲ್ಲ.

ಕೊಚ್ಚಿಯಲ್ಲಿ ಕಾಯುವುದೇ ದೊಡ್ಡ ಕೆಲಸವಾಯಿತು. ಫೋರ್ಟ್ ಕೊಚ್ಚಿಯ ತುರುತ್ತಿಯಲ್ಲಿ ಕೇಂದ್ರದ ರಾಜೀವ್ ಆವಾಸ್ ಯೋಜನೆಯ ಹೆಸರಿನಲ್ಲಿ ಹುಟ್ಟಿದ ಆಸೆ, ಆ ಯೋಜನೆಯೇ ನಿಂತುಹೋದ ಮೇಲೂ ಉಳಿಯಿತು. 394 ಕುಟುಂಬಗಳಿಗಾಗಿ ಎದ್ದ ಜೋಡಿ ಗೋಪುರಗಳ ಉದ್ಘಾಟನೆ ಆದದ್ದು 2025ರಲ್ಲಿ. ಅಷ್ಟರಲ್ಲಿ ಅರ್ಜಿ ಹಾಕುವಾಗ ತೊಡೆ ಮೇಲಿದ್ದ ಮಗು ಹೈಸ್ಕೂಲು ಮುಟ್ಟಿರುತ್ತದೆ, ಲೆಕ್ಕ ಹಾಕಿ.

ಇನ್ನು ಪಿ ಅಂಡ್ ಟಿ ಕಾಲೊನಿ. 2024ರಲ್ಲಿ ಅಲ್ಲಿನ 80ಕ್ಕೂ ಹೆಚ್ಚು ಕುಟುಂಬಗಳಿಗೆ ಲೈಫ್ ಮಿಷನ್ ಅಡಿ ಮುಂಡಂವೇಲಿಯಲ್ಲಿ ಫ್ಲ್ಯಾಟು ಸಿಕ್ಕಿತು. ಕಾಲುವೆಯ ಕೊಳಕು ನೀರಿನ ಕಾಟ ತಪ್ಪಿತು. ಆದರೆ ಮುಂಡಂವೇಲಿ ಇರುವುದು ಹಿನ್ನೀರಿನ ಆಚೆ, ಪಶ್ಚಿಮ ಕೊಚ್ಚಿಯಲ್ಲಿ. ಎರ್ನಾಕುಳಂ ಕಡೆ ಮನೆಕೆಲಸಕ್ಕೆ ಹೋಗುವಾಕೆ ಈಗ ಸೇತುವೆ ದಾಟಬೇಕು, ಬಸ್ಸಿನ ಚಾರ್ಜು ಬೇರೆ.