ಸಾಲಪತ್ರವೂ ಪಾವತಿಯೂ

ಸೊಲ್ಲಾಪುರ ಜಿಲ್ಲೆಯ ಇತಿಹಾಸವೆಂದೊಡನೆ ಕೋಟೆ, ಗಿರಣಿ, ಚಾದರಗಳು ನೆನಪಿಗೆ ಬರುತ್ತವೆ. ಇಲ್ಲಿಯ ಒಕ್ಕಲಿಗನ ಹಣವನ್ನು ಮೋಸದಿಂದ ಕಾಪಾಡಲು 1879ರಲ್ಲಿ ಹುಟ್ಟಿದ ಒಂದು ಶಾಸನವೂ ಈ ಇತಿಹಾಸದ ಭಾಗವೇ. ಅದನ್ನು ಅಕ್ಷರ ಕಲಿಸುವವರೂ ಕಲಿಯುವವರೂ ಅರಿತಿರುವದು ಒಳ್ಳೆಯದು.

ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ (1861–65) ಆ ದೇಶದ ಹತ್ತಿ ಇಂಗ್ಲಂಡಿಗೆ ಬರುವದು ನಿಂತು, ದಖ್ಖನದ ಹತ್ತಿಗೆ ಬೆಲೆ ಬಂದಿತು. ರೈತನಿಗೆ ಸಾಲವೂ ಸುಲಭವಾಗಿ ದೊರೆಯಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಕಂದಾಯವೋ ಹಲವೆಡೆ ಏರಿತು. ಸಾವುಕಾರರು ಹೊಸ ಸಾಲವನ್ನು ನಿಲ್ಲಿಸಿ ಹಳೆಯದಕ್ಕೆ ಬೆನ್ನು ಹತ್ತಿದರು.

1859ರ ಕಾಯದೆಯ ಪ್ರಕಾರ ಸಾಮಾನ್ಯ ಸಾಲಪತ್ರಕ್ಕೆ ಮೂರು ವರ್ಷಗಳ ವಾಯಿದೆ ಇತ್ತು. ಬಡ್ಡಿ ಬೆಳೆಯದಿರಲೆಂದು ಮಾಡಿದ ಈ ನಿಯಮವೇ ರೈತನಿಗೆ ಉರುಲಾಯಿತು. ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಯಿಸುವ ಪದ್ಧತಿ ಬೆಳೆಯಿತು. ಒಂದು ಲೆಕ್ಕವನ್ನು ಹಲಗೆಯ ಮೇಲೆ ಹಾಕಿ ನೋಡೋಣ: 100 ರೂಪಾಯಿಗೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ಮೂರು ವರ್ಷಕ್ಕೆ ಸಾಲ 172 ರೂಪಾಯಿ. ಅದಕ್ಕೆ ಹೊಸ ಪತ್ರವಾದರೆ ಆರು ವರ್ಷಕ್ಕೆ ಸುಮಾರು 296. ಒಂಬತ್ತು ವರ್ಷಕ್ಕೆ ಸುಮಾರು 509! ನಡುವೆ ಹಣ ತೀರಿಸಿದರೂ ಪಾವತಿ ಚೀಟಿ ಸಿಗುತ್ತಿರಲಿಲ್ಲ. ಪಡೆಯದ ಮೊತ್ತವೂ ಪತ್ರದಲ್ಲಿ ಸೇರುತ್ತಿತ್ತು. ಮರಾಠಿ ಲೇವಾದೇವಿಯ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯಲ್ಲಿದ್ದವು. ಓದುಬಾರದವನು ತಿಳಿಯದ ಬರಹದ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದನು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವುಕಾರರ ಅಂಗಡಿಗಳಿಗೆ ಮುತ್ತಿಗೆ ಹಾಕಿ, ಸಾಲಪತ್ರ ಮತ್ತು ಲೆಕ್ಕದ ವಹಿಗಳನ್ನು ಸುಟ್ಟರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನ ಕೃಷಿಕರ ಪರಿಹಾರ ಶಾಸನವು ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಈ ನಾಲ್ಕು ಜಿಲ್ಲೆಗಳಿಗೆ ಬಂದಿತು. ಅಕ್ಕಲಕೋಟೆ ಆಗ ಬೇರೆಯೇ ಸಂಸ್ಥಾನವಾಗಿತ್ತು; ಅದು ವಿಲೀನವಾದುದು 1948ರಲ್ಲಿ.

ಈ ಶಾಸನದಂತೆ ಗ್ರಾಮ ರಜಿಸ್ಟ್ರಾರನ ಎದುರಿನಲ್ಲಿ ಪತ್ರವನ್ನು ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಾಕ್ಷಿ ಹಾಕಿಸಬೇಕಾಗಿತ್ತು. ನ್ಯಾಯಾಲಯವು ಪತ್ರದ ಮೊತ್ತವನ್ನೇ ನಂಬದೆ ಸಾಲದ ಮೊದಲಿನಿಂದ ಲೆಕ್ಕ ತೆಗೆಯಬಹುದಾಗಿತ್ತು. ಹಣ ಕೊಟ್ಟವನಿಗೆ, ಅವನು ಕೇಳಲಿ ಬಿಡಲಿ, ಪಾವತಿ ಕೊಡಲೇಬೇಕಾಗಿತ್ತು. ಆದರೆ ವಾರ್ಷಿಕ ಲೆಕ್ಕಪತ್ರ ಮತ್ತು ಪಾಸುಪುಸ್ತಕ ಇವೆರಡೂ ಕೇಳಿದವನಿಗೆ ಮಾತ್ರ! ಸಾವುಕಾರನ ಮುಂದೆ ಕೈಕಟ್ಟಿ ನಿಂತವನು ಕೇಳುವದೆಂತು? ಕೇಳಿ ಪಡೆದರೂ ಓದುವದೆಂತು? ಮೇಲಾಗಿ ಕೆಲವರು ಸಾಲವನ್ನೇ ಜಮೀನಿನ ಖರೇದಿ ಪತ್ರವಾಗಿ ಬರೆಯಿಸಿಕೊಂಡು ಶಾಸನದ ಕಣ್ಣಿಗೆ ಮಣ್ಣೆರಚಿದರು. ಅಕ್ಷರಬಲವಿಲ್ಲದಲ್ಲಿ ಕಾಯದೆಯ ಬಲ ಅರ್ಧವೇ ಸರಿ.

ಮುಂದೆ 1904ರ ಸಹಕಾರಿ ಪತ್ತಿನ ಕಾಯದೆ ಬಂದಿತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ಮಹಾರಾಷ್ಟ್ರದಲ್ಲಿ 2014ರ ಲೇವಾದೇವಿ ನಿಯಂತ್ರಣ ಕಾಯದೆಯಂತೆ ಸಾವುಕಾರಿಗೆ ಪರವಾನಿಗೆ ಬೇಕು. ಲೆಕ್ಕ ಇಡಬೇಕು, ಪಾವತಿ ಕೊಡಬೇಕು.

ಇಂದು ಹೆಬ್ಬೆಟ್ಟಿನ ಸ್ಥಾನಕ್ಕೆ ಮೊಬೈಲಿನ ಒಟಿಪಿ ಬಂದಿದೆ. ಅದನ್ನು ಪರರಿಗೆ ಹೇಳುವದೂ ಬರಿಯ ಕಾಗದಕ್ಕೆ ಸಹಿ ಹಾಕುವದೂ ಒಂದೇ. ನಮ್ಮ ಹೆಸರಿನಲ್ಲಿ ಅನ್ಯರು ಸಾಲ ಎತ್ತಿರುವರೇ ಎಂದು ತಿಳಿಯಲು ಸಾಲಮಾಹಿತಿ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಇದೂ ಕೇಳಿದವನಿಗೆ ಮಾತ್ರ. ಮೋಸವಾದರೆ ತಡಮಾಡದೆ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸತಕ್ಕದ್ದು.

ಗಡಿಯ ಕನ್ನಡಿಗರ ಮನೆಗೆ ಬರುವ ಸಾಲದ ಕಾಗದ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿರುವದೇ ಹೆಚ್ಚು. ವಿದ್ಯಾರ್ಥಿಗಳು ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಬಡ್ಡಿಯ ಲೆಕ್ಕ ಹಾಕಿ ತೋರಿಸಲಿ. ಅರ್ಥವಾಗದ ಮಾತನ್ನು ಗುರುಗಳಲ್ಲಿ ಕೇಳಲಿ. ಅದಾಗುವವರೆಗೆ ಹಿರಿಯರು ಸಹಿಗೆ ಕೈ ಚಾಚದಿರಲಿ.