ನೆಮ್ಮದಿಯ ಗುಳಿಗೆಯ ಚರಿತ್ರೆ

ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ಹಿರಿಯರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳ ಜೊತೆಗೆ ಔಷಧಗಳ ಚೀಲವೂ ಇರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ನಡುವೆ, ‘ಇದು ನಿದ್ದೆಗೆ’ ಎಂದು ಅವರು ವರ್ಷಗಳಿಂದ ಸೇವಿಸುತ್ತಿರುವ ಪುಟ್ಟ ಗುಳಿಗೆಯೊಂದನ್ನು ನಾವು ಹಲವು ಬಾರಿ ಕಂಡಿದ್ದೇವೆ. ಅದು ಆಲ್‌ಪ್ರಾಜೋಲಮ್ ಆಗಿರಬಹುದು, ಡಯಾಜೆಪಾಮ್ ಆಗಿರಬಹುದು. ಈ ಗುಳಿಗೆಗಳ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಕನ್ನಡಿಗರು ಅನೇಕರು ನೆಲೆಸಿರುವ ನ್ಯೂಜೆರ್ಸಿಗೇ.

ಇಪ್ಪತ್ತನೆಯ ಶತಮಾನದ ಆರಂಭದಿಂದ ಆತಂಕಕ್ಕೂ ನಿದ್ರಾಹೀನತೆಗೂ ಬಾರ್ಬಿಟ್ಯುರೇಟ್‌ಗಳು ಬಳಕೆಯಲ್ಲಿದ್ದವು. ಪ್ರಮಾಣ ತುಸು ಮೀರಿದರೆ ಅವು ಉಸಿರನ್ನೇ ನಿಲ್ಲಿಸುತ್ತಿದ್ದವು. 1955ರಲ್ಲಿ ಮಿಲ್‌ಟೌನ್ ಎಂಬ ಗುಳಿಗೆ ಬಂದಿತು. ನ್ಯೂಜೆರ್ಸಿಯ ಒಂದು ಊರಿನ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಅದು ಅಪಾರ ಜನಪ್ರಿಯತೆ ಗಳಿಸಿತಾದರೂ ಚಟ ಹಿಡಿಸುವ ಗುಣ ಅದರಲ್ಲಿಯೂ ಇತ್ತು.

ಅದೇ ರಾಜ್ಯದ ನಟ್ಲಿಯಲ್ಲಿದ್ದ ರೋಶ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬ್ಯಾಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ನಾಜಿಗಳ ಕಾಲದಲ್ಲಿ ಯುರೋಪನ್ನು ತೊರೆದು ಬಂದ ಯಹೂದಿ ಅವರು. 1957ರಲ್ಲಿ ಪ್ರಯೋಗಾಲಯವನ್ನು ಶುಚಿಗೊಳಿಸುವಾಗ, ಹಿಂದೆ ತಯಾರಿಸಿ ಪರೀಕ್ಷಿಸದೆ ಬಿಟ್ಟಿದ್ದ ಒಂದು ಸಂಯುಕ್ತ ಕಣ್ಣಿಗೆ ಬಿತ್ತು. ಪರೀಕ್ಷೆಗೆ ಕಳುಹಿಸಿದಾಗ ಅದರ ಶಮನಕಾರಿ ಗುಣ ಬೆಳಕಿಗೆ ಬಂದಿತು. ಅದೇ 1960ರಲ್ಲಿ ಲಿಬ್ರಿಯಮ್ ಎಂದು ಮಾರುಕಟ್ಟೆ ಸೇರಿತು. 1963ರಲ್ಲಿ ಅದರ ಬೆನ್ನಿಗೆ ವ್ಯಾಲಿಯಮ್ ಬಂದಿತು. ಬಾರ್ಬಿಟ್ಯುರೇಟ್‌ಗಿಂತ ಇವು ಎಷ್ಟೋ ಸುರಕ್ಷಿತವೆಂಬುದು ನಿಜವಾಗಿತ್ತು. ಆದರೆ ‘ಅದಕ್ಕಿಂತ ಸುರಕ್ಷಿತ’ ಎಂಬುದನ್ನು ವೈದ್ಯರೂ ರೋಗಿಗಳೂ ‘ನಿರಪಾಯಕಾರಿ’ ಎಂದು ಅರ್ಥೈಸಿಕೊಂಡರು.

ಎಚ್ಚರಿಕೆಯ ದನಿ ಬೇಗನೆ ಕೇಳಿಬಂದಿತ್ತು. 1961ರಲ್ಲಿಯೇ ಲಿಯೋ ಹಾಲಿಸ್ಟರ್ ಮತ್ತು ಸಂಗಡಿಗರು, ಹೆಚ್ಚಿನ ಪ್ರಮಾಣದಲ್ಲಿ ಲಿಬ್ರಿಯಮ್ ಪಡೆಯುತ್ತಿದ್ದ 11 ರೋಗಿಗಳಿಗೆ ಅದನ್ನು ಹಠಾತ್ತನೆ ನಿಲ್ಲಿಸಿದಾಗ 10 ಮಂದಿಯಲ್ಲಿ ಹೊಸ ಲಕ್ಷಣಗಳು ತಲೆದೋರಿದವೆಂದೂ ಇಬ್ಬರಿಗೆ ಫಿಟ್ಸ್ ಬಂದಿತೆಂದೂ ವರದಿ ಮಾಡಿದರು. ಲೋಕ ಇದಕ್ಕೆ ಕಿವಿಗೊಟ್ಟದ್ದು ತಡವಾಗಿ. 1979ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿಯವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ, ಬಳಕೆ ಎರಡರಿಂದ ನಾಲ್ಕು ವಾರಗಳಿಗೆ ಸೀಮಿತವಾಗಿರಲಿ ಎಂದಿತು. ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಅವರು ರೋಗಿಗಳನ್ನು ಈ ಗುಳಿಗೆಗಳಿಂದ ನಿಧಾನವಾಗಿ ಬಿಡಿಸುವ ಕ್ರಮವನ್ನು ರೂಪಿಸಿದರು. ಭಾರತವು 2013ರಲ್ಲಿ ಆಲ್‌ಪ್ರಾಜೋಲಮ್ ಮತ್ತು ಡಯಾಜೆಪಾಮ್‌ಗಳನ್ನು ಹೆಚ್1 ಪಟ್ಟಿಗೆ ಸೇರಿಸಿ ಮಾರಾಟದ ದಾಖಲೆಯನ್ನು ಕಡ್ಡಾಯಗೊಳಿಸಿತು. 2020ರಲ್ಲಿ ಅಮೆರಿಕದ ಎಫ್‌ಡಿಎ, ದುರ್ಬಳಕೆ ಮತ್ತು ಅವಲಂಬನೆಯ ಕುರಿತು ತನ್ನ ಅತ್ಯಂತ ಗಂಭೀರ ಸ್ವರೂಪದ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು.

ಕಾರಣ ಸರಳವಾದುದು. ಮಿದುಳಿನ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಈ ಔಷಧಗಳು ಬಲ ನೀಡುತ್ತವೆ. ಕ್ರಮೇಣ ಮಿದುಳು ಈ ಹೊರಗಿನ ಆಸರೆಗೆ ಒಗ್ಗಿಕೊಳ್ಳುತ್ತದೆ. ಆಸರೆ ತಟ್ಟನೆ ತಪ್ಪಿದರೆ ನಿದ್ರಾಹೀನತೆ, ನಡುಕ, ತೀವ್ರ ಆತಂಕ, ಕೆಲವೊಮ್ಮೆ ಫಿಟ್ಸ್ ಉಂಟಾಗುತ್ತವೆ. ಸೇವಿಸುವಾಗಲೂ ಮಂಪರು, ಮರೆವು, ತೂಕಡಿಕೆ ಇರಬಹುದು. ಹಿರಿಯರು ರಾತ್ರಿ ಎದ್ದಾಗ ಆಯತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಮದ್ಯ ಅಥವಾ ಓಪಿಯಾಯ್ಡ್ ನೋವುನಿವಾರಕಗಳೊಡನೆ ಸೇರಿದರೆ ಉಸಿರಾಟಕ್ಕೇ ಕುತ್ತು.

ತಂದ ಗುಳಿಗೆ ಮೂರನೆಯ ತಿಂಗಳಿಗೆ ಮುಗಿದಾಗ ಅಮ್ಮನ ಕೈ ನಡುಗಿದರೆ, ‘ಹೊಸ ಜಾಗ, ಒಗ್ಗಿಲ್ಲ’ ಎಂದುಕೊಂಡು ಸುಮ್ಮನಾಗುವ ಕುಟುಂಬಗಳಿವೆ. ಆದ್ದರಿಂದ ನಮ್ಮ ವಿನಂತಿ ಇಷ್ಟೇ: ಹಿರಿಯರು ಬಂದ ಮೊದಲ ವಾರದಲ್ಲಿಯೇ ಅವರ ಔಷಧದ ಚೀಲವನ್ನು ಅವರೊಂದಿಗೆ ಕುಳಿತು ನೋಡಿರಿ. ಇಂತಹ ಗುಳಿಗೆ ಕಂಡುಬಂದರೆ ಗದರಿಸಬೇಡಿ, ಬಚ್ಚಿಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ಅದು ಮುಗಿಯುವ ಮುನ್ನವೇ ವೈದ್ಯರನ್ನು ಕಾಣಿರಿ. ಪ್ರಮಾಣವನ್ನು ವಾರಗಳ, ಅಗತ್ಯವಿದ್ದರೆ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ತಗ್ಗಿಸುವ ದಾರಿಯನ್ನು ಅವರು ತೋರಿಸಬಲ್ಲರು.