ಟ್ಯಾರೋ: ದಕ್ಷಿಣ ಬೆಂಗಳೂರಿನ ಗೆಳೆಯರ ಬಳಗದಲ್ಲಿ

ಟ್ಯಾರೋ 78 ಚಿತ್ರದೆಲೆಗಳ ಕಟ್ಟು. ಅದರಲ್ಲಿ 22 ಹಿರಿಯ ಎಲೆಗಳು. ಉಳಿದ 56 ಇಸ್ಪೀಟಿನಂತೆ ನಾಲ್ಕು ಪಂಗಡಗಳವು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಇದರ ಬಳಕೆ ಎರಡು ಬಗೆಯದು. ಹಣ ಕೊಟ್ಟು ಭವಿಷ್ಯ ಕೇಳುವುದು ಒಂದು. ಗೆಳೆಯರು ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಎಲೆ ತೆಗೆದು, ಅದನ್ನೇ ನೆಪ ಮಾಡಿಕೊಂಡು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವುದು ಇನ್ನೊಂದು. ಸಾಮಾನ್ಯವಾಗಿ ಎರಡನ್ನೂ ಜ್ಯೋತಿಷ್ಯದ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಎಲೆಗಳ ಇತಿಹಾಸ ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಎರಡನೆಯ ಬಳಕೆಯ ಬೇರು ಆಟದಲ್ಲಿದೆ. ಎಲೆಯ ಅರ್ಥವನ್ನು ಯಾರು ಹೇಳುತ್ತಾರೆ ಎಂಬುದರಿಂದ ಇವೆರಡೂ ಬೇರೆಯಾಗುತ್ತವೆ.

ಟ್ಯಾರೋ ಹುಟ್ಟಿನ ಬಗ್ಗೆಯೇ ಗೊಂದಲ ಹೆಚ್ಚು. ದಾಖಲೆಗಳಲ್ಲಿ ಅದು ಮೊದಲು ಕಾಣುವುದು 1440ರ ಸುಮಾರಿಗೆ ಉತ್ತರ ಇಟಲಿಯಲ್ಲಿ, ಆಸ್ಥಾನದವರ ಆಟವಾಗಿ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲ್ಯಾಂ ಇದನ್ನು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಬಿಡಿಸಿದ್ದೇ 1822ರಲ್ಲಿ. ಹಾಗಾಗಿ ಆ ಮಾತಿಗೆ ಓದಿದ ಆಧಾರ ಯಾವುದೂ ಇರಲಿಲ್ಲ. 1785ರಲ್ಲಿ ಎತ್ತೇಯ ಎಂಬಾತ ಟ್ಯಾರೋದಿಂದ ಭವಿಷ್ಯ ಹೇಳುವ ಕ್ರಮವನ್ನು ಅಚ್ಚು ಹಾಕಿಸಿದ. ಮೂರು ಶತಮಾನ ಆಟವಾಗಿ ಬಾಳಿದ ಮೇಲೆಯೇ ಅದು ಶಾಸ್ತ್ರವೆಂದು ಹರಡಿತು. ಭಾರತದ ಗಂಜೀಫಾ ಎಂಬ ಆಟದ ದಶಾವತಾರದ ಎಲೆಗಳಿಂದ ಟ್ಯಾರೋ ಹುಟ್ಟಿತೆಂಬ ವಾದಕ್ಕೂ ಕಾಲ ಹೊಂದುವುದಿಲ್ಲ. ಇಲ್ಲಿ ಗಂಜೀಫಾ ಎಲೆಗಳ ಹಳೆಯ ಸ್ಪಷ್ಟ ಉಲ್ಲೇಖ ಬಾಬರನ ಆತ್ಮಕಥೆಯಲ್ಲಿದೆ, ಅದು 1527ರದು. ಇಂದಿನ ಬಳಕೆಗೆ ನಿಜವಾದ ತಿರುವು 1909ರಲ್ಲಿ ಲಂಡನ್ನಿನಲ್ಲಿ ಎ.ಇ. ವೇಟ್ ಯೋಜಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬಿಡಿಸಿದ ಕಟ್ಟು. ಅದಕ್ಕೂ ಹಿಂದಿನ ಬಹುಪಾಲು ಕಟ್ಟುಗಳ ಅಂಕಿ ಎಲೆಗಳಲ್ಲಿ ಕತ್ತಿ, ಬಟ್ಟಲುಗಳ ಎಣಿಕೆಯಷ್ಟೇ ಇತ್ತು. ಸ್ಮಿತ್ ಅಲ್ಲಿಗೆ ಜನರನ್ನೂ ಸನ್ನಿವೇಶಗಳನ್ನೂ ತಂದರು. ನೋಡುವವರು ತಾವೇ ಕಥೆ ಕಟ್ಟಿಕೊಳ್ಳಲು ಎಡೆಯಾದದ್ದು ಆಗ.

ಲೋಕವನ್ನೇ ಎಲೆಗಳಲ್ಲಿ ಹಿಡಿದಿಟ್ಟು ಆಡುವುದು ಕನ್ನಡನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ‘ಛದ’ ಎಂಬ ಎಲೆಯಾಟಗಳ ವಿವರವಿದೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ, ಜಗನ್ಮೋಹನ ಛದಕ್ಕೆ 360. ಈ ಎಲೆಗಳ ಮೇಲೆ ದೇವತೆಗಳೂ ಗ್ರಹಗಳೂ ತುಂಬಿದ್ದಾರೆ. ಆದರೂ ಅರಸರು ಅವನ್ನು ಗ್ರಂಥದ ಗ್ರಹನಿಧಿ ಎಂಬ ಭಾಗದಲ್ಲಿ ಇಡದೆ ಕೌತುಕನಿಧಿ ಎಂಬ ಭಾಗದಲ್ಲಿ ಇಟ್ಟರು. ಎಲೆ ಯಾವ ಗುಂಪಿಗೆ ಸೇರಿದ್ದೆಂಬ ಪ್ರಶ್ನೆಗೆ ಮೈಸೂರಿನ ಉತ್ತರ ಇಷ್ಟು ಖಚಿತವಾಗಿತ್ತು. ಹಾಗಾದರೆ ನಮ್ಮ ಬೀದಿಗಳ ಗಿಣಿಶಾಸ್ತ್ರ? ಪಂಜರದ ಬಾಗಿಲು ತೆರೆದೊಡನೆ ಗಿಣಿ ಹೊರಬಂದು, ಸಾಲಾಗಿ ಜೋಡಿಸಿದ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಸರಿಸಿ, ಒಂದನ್ನು ಎತ್ತಿಕೊಟ್ಟು, ಕಾಳು ತಿಂದು ಒಳಹೋಗುತ್ತದೆ. ಎಲೆಯ ಮೇಲಿನ ದೇವರ ಚಿತ್ರ ನೋಡಿ ಶಾಸ್ತ್ರದವನು ಫಲ ಹೇಳುತ್ತಾನೆ. ಕೇಳಲು ಬಂದವರು ಎಲೆ ಆರಿಸುವುದೂ ಇಲ್ಲ, ಅರ್ಥ ಹೇಳುವುದೂ ಇಲ್ಲ. ಹಣ ಕೊಟ್ಟು ಕೇಳುವ ಟ್ಯಾರೋ ಈ ಸಾಲಿಗೆ ಸೇರುತ್ತದೆ ಎಂಬುದನ್ನು ಒಪ್ಪಲೇಬೇಕು.

ಗೆಳೆಯರ ಬಳಗದಲ್ಲಿ ಕ್ರಮ ತಿರುವುಮುರುವು. ಒಂಬತ್ತನೆಯ ಹಿರಿಯ ಎಲೆ ‘ಹರ್ಮಿಟ್’ ನೋಡಿ: ಹಿಮದ ತುದಿಯ ಮೇಲೆ ಬೂದು ನಿಲುವಂಗಿಯ ಮುದುಕ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲಾಂದ್ರ, ಅದರೊಳಗೆ ಆರು ಮೂಲೆಯ ನಕ್ಷತ್ರ. ಕೆಲಸಕ್ಕೆಂದು ಊರು ಬಿಟ್ಟು ಬಿಟಿಎಂನ ಪಿ.ಜಿ.ಯಲ್ಲಿರುವವಳಿಗೆ ಅವನು ಒಂಟಿಯಾಗಿ ಕಾಣಬಹುದು. ಪಕ್ಕದ ಗೆಳತಿಗೆ, ಹಿಂದೆ ಬರುವವರಿಗಾಗಿ ದೀಪ ಹಿಡಿದವನಂತೆ. ‘ಹೇಗಿದ್ದೀಯೆ’ ಎಂದರೆ ‘ಚೆನ್ನಾಗಿದ್ದೀನಿ’ ಎಂದು ಮುಗಿಯುವ ಮಾತು, ‘ಈ ಮುದುಕ ಎಲ್ಲಿಗೆ ಹೊರಟಿದ್ದಾನೆ’ ಎಂದಾಗ ಬೆಳೆಯುತ್ತದೆ. ತನ್ನ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಮುದುಕನ ಮೇಲೆ ಹಾಕಿ ಹೇಳುವುದು ಸುಲಭ.

ಇದೂ ಹಿಂಬಾಗಿಲಿನಿಂದ ಬರುವ ಮೂಢನಂಬಿಕೆಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ, ಅದಕ್ಕೆ ದಕ್ಷಿಣ ಬೆಂಗಳೂರಿನಲ್ಲೇ ಪರಂಪರೆಯಿದೆ. ಬಸವನಗುಡಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದರು. ಮನೋವಿಜ್ಞಾನವೂ ಎಚ್ಚರಿಸುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಬರಹ ಹಂಚಿ ‘ಇದು ನಿನ್ನ ಸ್ವಭಾವ’ ಎಂದಾಗ, ಅವರು ಅದಕ್ಕೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಆದರೆ ಆ ಪ್ರಯೋಗ ತೋರಿಸಿದ್ದು ಬೇರೊಬ್ಬರು ನಮ್ಮ ಬಗ್ಗೆ ಹೇಳಿದ್ದನ್ನು ನಾವು ಎಷ್ಟು ಬೇಗ ನಂಬುತ್ತೇವೆ ಎಂಬುದನ್ನು. ಎಲೆ ತೆಗೆದವಳೇ ಮಾತಾಡುವಲ್ಲಿ ನಂಬಬೇಕಾದ ಭವಿಷ್ಯವಾಣಿಯೇ ಇರುವುದಿಲ್ಲ. ಗಾಢವಾದ ಸಂಕಟಕ್ಕೆ ಎಲೆ ಮದ್ದಲ್ಲ ಎಂಬುದೂ ಅಷ್ಟೇ ನಿಜ. ಅದಕ್ಕೆ ಬಿಟಿಎಂ ಲೇಔಟಿನಲ್ಲೇ ನಿಮ್ಹಾನ್ಸ್‌ನ ‘ಸೆಂಟರ್ ಫಾರ್ ವೆಲ್‌ಬೀಯಿಂಗ್’ ಇದೆ. ಈ ಮಿತಿಯೊಳಗೆ ಗೆಳೆಯರ ಟ್ಯಾರೋವನ್ನು ಕೌತುಕನಿಧಿಯ ಎಲೆಗಳ ಪಕ್ಕದಲ್ಲಿಡುವುದು ನ್ಯಾಯ. ಆ ಬಳಗದಲ್ಲೂ ಯಾರಾದರೂ ಇನ್ನೊಬ್ಬರ ಎಲೆಗೆ ಫಲ ಹೇಳತೊಡಗಿದರೆ, ಆ ಗಳಿಗೆಯಿಂದ ಅವರು ನರಸಿಂಹಯ್ಯನವರ ಪರಂಪರೆಯ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ.